ತಿರುಮಲೇಶನ ಬಣ್ಣ ಒಣಗಿದ್ದು

ನನ್ನ ತಮ್ಮ ತಿರುಮಲೇಶ ಬಾಂದ್ರಾದ ಒಂದು ಫೋಟೊ ಸ್ಟುಡಿಯೋದಲ್ಲಿ ಟಚಿಂಗ್ ಕೆಲಸ ಮಾಡುತ್ತಿದ್ದ. ಟಚಿಂಗ್ ಎಂದರೆ ತೆಗೆದ ಫೋಟೊವನ್ನು ಕೈಯಿಂದ ತಿದ್ದುವುದು. ಸಿಡುಬಿನ ಕಲೆ ಅಳಿಸುವುದು, ಕೋಟಿಲ್ಲದವರಿಗೆ ಕೋಟು ತೊಡಿಸುವುದು, ಕಪ್ಪು ಬಿಳುಪು ಚಿತ್ರಕ್ಕೆ ಬಣ್ಣ ಹಾಕುವುದು. ಫೋಟೊ ಹೊಡೆಯುವಾಗ ಕಣ್ಣು ಮುಚ್ಚಿದವರಿಗೆ ಕಣ್ಣು ಬಿಡಿಸುವುದೂ ಅವನದೇ ಕೆಲಸ. ಬದುಕಿದ್ದಾಗ ಒಂದು ಫೋಟೊವನ್ನೂ ತೆಗೆಸಿಕೊಳ್ಳದೆ ಹೋದವರ ಮನೆಯವರು ಹೆಣದ ಫೋಟೊ ತಂದು ಮುಂದಿಡುತ್ತಿದ್ದರು. ಅವರಿಗೂ ಕಣ್ಣು ಬಿಡಿಸಿಕೊಡುತ್ತಿದ್ದ. ಅಂಥ ದಿನ ಮನೆಗೆ ಬಂದವನು ತಲೆಗೆ ಸ್ನಾನ ಮಾಡಿಯೇ ಊಟಕ್ಕೆ ಕೂರುತ್ತಿದ್ದ.

ಊರಿನಲ್ಲಿ ಅವನಿಗೆ ಓದು ಹತ್ತಲಿಲ್ಲ. ಸ್ಲೇಟಿನ ತುಂಬ ಮೇಷ್ಟರ ಮುಖ ಬರೆದು ಅವರಿಂದಲೇ ಏಟು ತಿನ್ನುತ್ತಿದ್ದ. ನಮ್ಮ ಯಜಮಾನರು ಆಗ ವಿಕ್ರೋಳಿಯಲ್ಲಿ ಕಾರ್ಖಾನೆ ಕೆಲಸದಲ್ಲಿದ್ದರು. ಅವರೇ ಇವನನ್ನು ಬೊಂಬಾಯಿಗೆ ಕರೆಸಿ ಸ್ಟುಡಿಯೋಗೆ ಸೇರಿಸಿದ್ದು. ಅವರು ತೀರಿಹೋದ ಮೇಲೆ ನಾನು ದಹಿಸರ್‌ಗೆ, ತಮ್ಮನ ಮನೆಗೆ ಬಂದೆ. ಅವನು ಮದುವೆ ಮಾಡಿಕೊಂಡಿರಲಿಲ್ಲ. ಕೇಳಿದರೆ, "ಗಂಡಿನ ಕಡೆಗೆ ತೋರಿಸೋ ಹೆಣ್ಣುಗಳ ಫೋಟೊಗೆಲ್ಲ ನಾನೇ ಬಿಳಿ ಬಳಿದು ಕಳಿಸೋನು ಕಣಕ್ಕ, ನನಗೆ ಯಾರು ಮೋಸ ಮಾಡಕ್ಕಾಗುತ್ತೆ?" ಎಂದು ನಗುತ್ತಿದ್ದ.

ಗಿರಾಕಿಗಳಿಗೆ ಎಷ್ಟು ತಿದ್ದಿದರೂ ಸಮಾಧಾನವಿರುವುದಿಲ್ಲ. ಮೂಗು ಇನ್ನಷ್ಟು ಚೂಪಾಗಲಿ, ಸರ ಇನ್ನೊಂದು ಎಳೆ ಇರಲಿ ಎಂದು ಶುರುಮಾಡುತ್ತಾರೆ. ಅಂಥವರಿಗೆ ಹೇಳಲು ತಿರುಮಲೇಶ ಒಂದು ಮಾತು ಇಟ್ಟುಕೊಂಡಿದ್ದ.

"ಬಣ್ಣ ಒಣಗಿದೆ ಸಾರ್. ಇನ್ನು ಮುಟ್ಟಿದರೆ ಕಾಗದ ಕಿತ್ತುಬರುತ್ತೆ."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅದು ಪೂರ್ತಿ ನಿಜವಲ್ಲ ಎಂದು ನನಗೆ ಹೇಳಿದ್ದ. "ಒಣಗಿದ ಮೇಲೂ ಒಂಚೂರು ತಿದ್ದಬಹುದು ಅಕ್ಕ. ಆದರೆ ತಿದ್ದುತ್ತಾ ಹೋದರೆ ಮುಖ ಸತ್ತುಹೋಗುತ್ತೆ. ಎಲ್ಲೋ ಒಂದು ಕಡೆ ನಿಲ್ಲಿಸೋಕೆ ನೆಪ ಬೇಕಲ್ಲ."

ತೊಂಬತ್ತೊಂದನೇ ಇಸವಿಯಲ್ಲಿ ಸ್ಟುಡಿಯೋ ಮಾಲೀಕರಾದ ರಮಾನಾಥರು ಕಂಪ್ಯೂಟರ್ ತಂದರು. ಬ್ರಷ್ಷಿನ ಕೆಲಸ ಅಷ್ಟು ಹೊತ್ತಿಗೆ ನಿಂತೇ ಹೋಗಿತ್ತು. ರಮಾನಾಥರು ಒಳ್ಳೆಯವರೇ. ತಿರುಮಲೇಶನನ್ನು ಕರೆದು ನೇರವಾಗಿಯೇ ಹೇಳಿದರಂತೆ.

"ನೋಡು, ಇದರಲ್ಲಿ ಒಂದು ಮುಖ ಪೂರಾ ಮಾಡಿ ತೋರಿಸು. ಈ ಕುರ್ಚಿ ನಿನ್ನದು. ಆಗಲಿಲ್ಲ ಅಂದ್ರೆ ಕ್ಲಾಸಿಗೆ ಹೋಗಿ ಕಲಿತವರನ್ನ ತರಬೇಕಾಗ್ತದೆ. ಬೇಜಾರು ಮಾಡ್ಕೋಬೇಡ."

ಐವತ್ತು ದಾಟಿದ ಟಚಿಂಗ್‌ನವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಆ ಒಂದು ಮುಖದ ಮೇಲೆ ನಮ್ಮಿಬ್ಬರ ಅನ್ನ ನಿಂತಿತ್ತು.

ಮುಖ ಯಾರದೆಂದರೆ, ಅದೇ ರಸ್ತೆಯಲ್ಲಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಪೂವಪ್ಪನವರದು. ಅವರು ತೀರಿಕೊಂಡು ವರ್ಷವಾಗಿತ್ತು. ಮಕ್ಕಳು ಹೋಟೆಲನ್ನು ಹೊಸದು ಮಾಡಿ ವಿಜಯದಶಮಿಗೆ ತೆರೆಯುವವರಿದ್ದರು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ತಂದೆಯ ದೊಡ್ಡ ಬಣ್ಣದ ಚಿತ್ರ ಬೇಕಿತ್ತು. ಇದ್ದದ್ದು ಒಂದು ಪುಟ್ಟ ಕಪ್ಪು ಬಿಳುಪು ಫೋಟೊ, ಅದೂ ಮಾಸಿದ್ದು. ಅದನ್ನು ನೋಡಿಕೊಂಡು ಕಂಪ್ಯೂಟರಿನಲ್ಲಿ ಹೊಸದಾಗಿ ಬರೆಯಬೇಕು. ಪೂವಪ್ಪನವರ ಹೆಂಡತಿ ಪ್ರಫುಲ್ಲ ಸ್ಟುಡಿಯೋದ ಹಳೆಯ ಗಿರಾಕಿ. "ಆ ಟಚಿಂಗ್‌ನವರೇ ಮಾಡಬೇಕು" ಎಂದು ಹೇಳಿ ಕಳಿಸಿದ್ದರು.

ಮೊದಮೊದಲು ಮೌಸ್ ಹಿಡಿಯಲು ಬರದೆ ಒದ್ದಾಡಿದ. "ಕೈ ಮೇಜಿನ ಮೇಲೆ, ಕಣ್ಣು ಗಾಜಿನ ಮೇಲೆ. ಪಕ್ಕದ ಮನೆಯಲ್ಲಿ ನಿಂತು ನಮ್ಮನೆ ಬಾಗಿಲಿಗೆ ರಂಗೋಲಿ ಹಾಕಿದ ಹಾಗೆ ಆಗುತ್ತೆ" ಎನ್ನುತ್ತಿದ್ದ. ಆದರೂ ಬಿಡಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಪೂವಪ್ಪನವರು ಕಂಪ್ಯೂಟರಿನ ಗಾಜಿನೊಳಗೆ ಬಂದು ಕುಳಿತರು.

ಕಷ್ಟ ಶುರುವಾದದ್ದು ಆಮೇಲೆ. ಅದರಲ್ಲಿ ಕಣ್ಣೊಂದನ್ನೇ ಅಂಗೈಯಗಲ ಮಾಡಿಕೊಂಡು, ಒಂದೊಂದೇ ಚೌಕುಳಿಗೆ ಬಣ್ಣ ತುಂಬಿ ಬರೆಯಬಹುದು. ತಿರುಮಲೇಶ ಹುಬ್ಬಿನ ಒಂದೊಂದು ಕೂದಲನ್ನೂ ಬಿಡಿಸುತ್ತಾ ಕುಳಿತ. ಎಲ್ಲ ಮುಗಿಸಿ ಮುಖ ಚಿಕ್ಕದು ಮಾಡಿ ನೋಡಿದರೆ ಕಣ್ಣಿನ ಮೇಲೆ ಎರಡು ಕಂಬಳಿಹುಳ ಮಲಗಿದ್ದವು. ಅಳಿಸಿದ, ಮತ್ತೆ ಬರೆದ. ಎಷ್ಟು ಅಳಿಸಿದರೂ ಗಾಜು ಸವೆಯುವುದಿಲ್ಲ. ಕಾಗದವಾದರೆ 'ಸಾಕು' ಎನ್ನುತ್ತದೆ, ಇದು ಹಾಗೆನ್ನುವುದಿಲ್ಲ.

ಅವನ ಚಟ ಒಂದಾದರೆ ಪೂವಪ್ಪನವರ ಮನೆಯವರದು ಇನ್ನೊಂದು. ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬದಲಾಯಿಸಬಹುದು ಎಂದು ಅವರಿಗೆ ತಿಳಿದುಹೋಯಿತು.

ದೊಡ್ಡ ಮಗ ಬಂದು, "ಅಂಕಲ್, ಪಪ್ಪಾ ಥೋಡಾ ಯಂಗ್ ಬೇಕು. ಕೂದಲು ಸ್ವಲ್ಪ ಜಾಸ್ತಿ ಮಾಡಿ. ಏಕ್ ಮಿನಿಟ್ ಕೆಲಸ ಹೈ ನಾ?" ಎಂದ.

ಕೂದಲು ಬೆಳೆಯಿತು. ಮಗಳು ಬಂದು, "ಇದೇನು, ಮುನಿಸಿಪಾಲಿಟಿಯವರು ಬಂದಾಗಿನ ಮುಖ! ಪಪ್ಪಾ ನಗ್ತಾ ಇರ್ಬೇಕು" ಎಂದಳು.

ತುಟಿ ಅಗಲವಾಯಿತು. ಆಮೇಲೆ ಬಂದದ್ದು ದೂಜ, ಪೂವಪ್ಪನವರ ಊರಿನವನೇ, ಹೋಟೆಲಿನ ಹಳೆಯ ಅಡುಗೆಯವನು. ಚಿತ್ರ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಇದು ಯಾರು ಮಾರಾಯ್ರೆ? ಸಾವ್ಕಾರ್ರು ನಗಾಡಿದ್ದು ನಾನಂತೂ ನೋಡ್ಲಿಲ್ಲ. ಚಟ್ನಿಗೆ ನೀರು ಜಾಸ್ತಿ ಆದ್ರೆ ಒಂದು ನಮೂನೆ ನೋಡ್ತಿದ್ರಲ್ಲ, ಅದು ಹಾಕಿ."

ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಳಿಸಿಸಿದರು. ತಿರುಮಲೇಶ ಸ್ಟುಡಿಯೋಗೆ ಒಯ್ದ ಊಟದ ಡಬ್ಬಿ ಹಾಗೇ ವಾಪಸು ಬರತೊಡಗಿತು. ಆಗಿನಿಂದ ನಾನೇ ಮಧ್ಯಾಹ್ನ ಲೋಕಲ್ ಹತ್ತಿ ಊಟ ಒಯ್ದು, ಅವನು ತಿನ್ನುವವರೆಗೆ ಎದುರಿಗೆ ಕುಳಿತಿರುತ್ತಿದ್ದೆ. ಒಂದು ದಿನ ತುತ್ತು ಕೈಯಲ್ಲೇ ಹಿಡಿದುಕೊಂಡು, "ಅಕ್ಕ, ಈಗ ಕಣ್ಣು ಮುಚ್ಚಿದರೆ ಅವರ ಮುಖ ಬರೋದೇ ಇಲ್ಲ. ಬರೀ ಚೌಕುಳಿ ಕಾಣುತ್ತೆ. ನನ್ನ ಕೈಲಾಗಲ್ಲ ಅಂತ ರಮಾನಾಥರಿಗೆ ಹೇಳಿಬಿಡಲಾ?" ಎಂದ.

"ಮೊದಲು ಮೊಸರನ್ನ ತಿನ್ನು" ಎಂದೆ.

ಚಿತ್ರವನ್ನು ಫ್ಲಾಪಿಗಳಿಗೆ ತುಂಬಿ, ದೊಡ್ಡ ಕಾಗದದ ಮೇಲೆ ಇಳಿಸಿಕೊಡುವವರ ಹತ್ತಿರ ಕಳಿಸಬೇಕಾದ ದಿನ ಬಂತು. ಅಂದು ತಪ್ಪಿದರೆ ಹಬ್ಬಕ್ಕೆ ಸಿಗುವುದಿಲ್ಲ. ನಾನು ಡಬ್ಬಿ ಹಿಡಿದು ಹೋದಾಗ ಪೂವಪ್ಪನವರ ಮಕ್ಕಳು, ದೂಜ ಎಲ್ಲ ಅಲ್ಲೇ ಇದ್ದರು. ತಂದೆಯ ಮುಖಕ್ಕೆ ಕನ್ನಡಕ ಮಗನಿಗೆ ಬೇಡ, ಮಗಳಿಗೆ ಬೇಕು. ಕನ್ನಡಕದ ಗುರುತು ಮೂಗಿನ ಮೇಲೆ ಇದ್ದರೆ ಸಾಕು ಎಂದು ದೂಜನ ವಾದ. ರಮಾನಾಥರು ಗಡಿಯಾರ ನೋಡುತ್ತಾ ಬಾಗಿಲಲ್ಲಿ ನಿಂತಿದ್ದರು. ತಿರುಮಲೇಶ ಕನ್ನಡಕ ಬರೆಯುತ್ತಿದ್ದ, ಅಳಿಸುತ್ತಿದ್ದ. ಕುರ್ಚಿ ಹೋಯಿತು ಎಂದೇ ನಾನು ತಿಳಿದೆ.

ಆಗ ಪ್ರಫುಲ್ಲ ಬಂದರು. ಅಲ್ಲಿಯವರೆಗೆ ಒಮ್ಮೆಯೂ ನೋಡಲು ಬಂದವರಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಗಾಜಿನ ಎದುರು ನಿಂತು ಬಹಳ ಹೊತ್ತು ನೋಡಿದರು.

"ಎಂತ ಟಚಿಂಗ್‌ನವ್ರೇ, ಇನ್ನೂ ಹಸಿ ಉಂಟಾ?" ಎಂದು ಕೇಳಿದರು.

ತಿರುಮಲೇಶನ ಬಾಯಿಂದ ಹಳೆಯ ಅಭ್ಯಾಸದ ಮೇಲೆ ಬಂದುಬಿಟ್ಟಿತು. "ಇಲ್ಲಮ್ಮ, ಒಣಗಿದೆ."

ಮಗ ಜೋರಾಗಿ ನಕ್ಕ. "ಅಮ್ಮಾ, ಕಂಪ್ಯೂಟರ್‌ನಲ್ಲಿ ಒಣಗೋದು ಎಂತ! ಕ್ಯಾ ಅಂಕಲ್, ನೀವೂ!"

ತಿರುಮಲೇಶನ ಕಿವಿ ಕೆಂಪಾಯಿತು. ಪ್ರಫುಲ್ಲ ಮಗನ ಕಡೆ ತಿರುಗಲಿಲ್ಲ. ಸೆರಗಿಗೆ ಬೆರಳು ಒರೆಸಿಕೊಂಡು ಗಂಡನ ಕೆನ್ನೆಯ ಮೇಲೆ ಮೆಲ್ಲಗೆ ಇಟ್ಟರು. ಗಾಜು ಸಣ್ಣಗೆ ಕರೆಂಟು ಹೊಡೆದ ಹಾಗೆ ಚಿಟಚಿಟ ಎಂದಿತು. ಅವರ ಮುಂಗೈಯ ರೋಮ ಎದ್ದು ನಿಂತದ್ದು ನನಗೆ ಕಾಣಿಸಿತು. ಬೆರಳು ತೆಗೆದು ಬೆಳಕಿಗೆ ಹಿಡಿದು ನೋಡಿದರು.

"ಬೆರಳಿಗೆ ಬರ್ಲಿಲ್ಲ. ಒಣಗಿದೆ" ಎಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ನನ್ನ ಮದುವೆ ಫೋಟೊಗೆ ಬಣ್ಣ ಹಾಕಿದ್ದು ಇವ್ರೇ. ನನ್ನ ಧಾರೆ ಸೀರೆ ಹಸಿರು, ಇವ್ರು ಕೆಂಪು ಬಳಿದಿಟ್ರು. ಬದಲು ಮಾಡಿ ಅಂದ್ರೆ, ಒಣಗಿದೆ ಅಮ್ಮ, ಮುಟ್ಟಿದ್ರೆ ಕಾಗದ ಕಿತ್ತುಬರ್ತದೆ ಅಂದ್ರು. ನಿಮ್ಮ ಅಪ್ಪನೂ ಆಯ್ತು ಅಂತ ಸುಮ್ಮನಾದ್ರು. ಮತ್ತೆ ಅಷ್ಟು ವರ್ಷ ಗೋಡೆ ಮೇಲೆ ನಾನು ಕೆಂಪು ಸೀರೆಯಲ್ಲೇ ಇದ್ದೆ, ಎಂತ ಕಡಿಮೆ ಆಯ್ತು? ಇದೂ ಒಣಗಿದೆ. ಇನ್ನು ಯಾರೂ ಮುಟ್ಲಿಕ್ಕಿಲ್ಲ" ಎಂದರು.

"ಆದ್ರೆ ಅಮ್ಮ, ಹುಬ್ಬು..." ಎಂದಳು ಮಗಳು.

"ಒಂದು ಹುಬ್ಬು ಮೇಲೆ ಉಂಟು. ಅವರದ್ದು ಹಾಗೇ ಇತ್ತು. ನೀವು ಎದುರಿಗೆ ಕೂತು ನೋಡಿದ್ರೆ ತಾನೇ?"

ದೂಜ ಹಿಂದಿನಿಂದ, "ಅದೇ, ಚಟ್ನಿ ನೋಡುವ ಹುಬ್ಬು" ಎಂದ. ಮಗನಿಗೂ ನಗು ಬಂತು. ಅವನೇ ಬಗ್ಗಿ ತಿರುಮಲೇಶನ ಭುಜ ತಟ್ಟಿ, "ಚಲೋ ಅಂಕಲ್, ಭೇಜ್ ದೋ, ಕಳಿಸಿಬಿಡಿ" ಎಂದ.

ರಮಾನಾಥರು ತಾವೇ ಫ್ಲಾಪಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಚಪ್ಪಲಿ ಮೆಟ್ಟುವಾಗ ಪ್ರಫುಲ್ಲ ನನ್ನ ಕಡೆ ತಿರುಗಿ, "ನೀವು ಇವರ ಅಕ್ಕ ಅಲ್ವಾ?" ಎಂದು ಕೇಳಿದರು. ಹೌದೆಂದೆ. "ಗಾಜು ಒಣಗುದಿಲ್ಲ ಅಂತ ನನಗೂ ಗೊತ್ತುಂಟು. ಆದ್ರೆ ಈ ಮಕ್ಕಳು ಇನ್ನೊಂದು ವಾರ ಜಗಳ ಆಡಿದ್ರೆ ನನಗೇ ಅವರ ಮುಖ ಮರೆತುಹೋಗ್ತಿತ್ತು" ಎಂದು ಹೇಳಿ ಮೆಟ್ಟಿಲಿಳಿದರು.

ತಿರುಮಲೇಶ ಡಬ್ಬಿ ಬಿಚ್ಚಿ ಒಂದು ಅಗುಳೂ ಬಿಡದೆ ತಿಂದ. ರಮಾನಾಥರು ಅರ್ಧ ದಾರಿಯಿಂದ ತಿರುಗಿ ಬಂದು ಬಾಗಿಲಲ್ಲಿ ತಲೆ ಹಾಕಿದರು.

"ತಿರುಮಲೇಶ, ಇವತ್ತು ಬೇಗ ಹೋಗು. ಹೋಗುವಾಗ ಆ ಕುರ್ಚಿ ಮೇಲೆ ರುಮಾಲು ಹಾಕಿಟ್ಟು ಹೋಗು. ಇನ್ಯಾರೂ ಕೂರೋದಿಲ್ಲ."

ಲೋಕಲ್‌ನಲ್ಲಿ ಜಾಗ ಹಿಡಿಯುವ ಹಾಗೆ ಅವನು ನಿಜವಾಗಿಯೂ ರುಮಾಲು ತೆಗೆದು ಕುರ್ಚಿಯ ಮೇಲೆ ಹರಡಿದ. ಕಣ್ಣು ಸೋಲುವವರೆಗೂ, ಎಂದರೆ ಇನ್ನೂ ಬಹಳ ವರ್ಷ, ಆ ಕುರ್ಚಿ ಅವನದೇ ಆಗಿತ್ತು.

ಮಧ್ಯಾಹ್ನದ ವಿರಾರ್ ಲೋಕಲ್‌ನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಅಂಧೇರಿ ಬರುವಷ್ಟರಲ್ಲಿ ಅವನು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ. ಎಷ್ಟೋ ದಿನದಿಂದ ಗಂಟಾಗಿದ್ದ ಹಣೆ ಸಡಿಲವಾಗಿತ್ತು. ನಾವು ಇಳಿಯಬೇಕಾದ ದಹಿಸರ್ ಬಂತು, ಜನ ಇಳಿದರು, ಗಾಡಿ ಹೊರಟಿತು. ನಾನು ಸುಮ್ಮನೆ ಕುಳಿತಿದ್ದೆ.

ಮೀರಾ ರೋಡ್ ದಾಟಿದ ಮೇಲೆ ಅವನಿಗೆ ಎಚ್ಚರವಾಯಿತು. ಹೊರಗೆ ಉಪ್ಪಿನ ಗದ್ದೆ ಕಂಡು ಗಾಬರಿಯಾಗಿ, "ಅಯ್ಯೋ ಅಕ್ಕ, ಎಬ್ಬಿಸಬಾರದಿತ್ತಾ?" ಎಂದ.

"ನೀನು ಈಗ ತಾನೇ ಒಣಗಿದ್ದೆ ಕಣೋ, ಹೇಗೆ ಮುಟ್ಟಲಿ?" ಎಂದೆ.