ರೇಷ್ಮೆ ಹಗ್ಗದ ಮೈದಾನ

ಒಗೆದು ಹಾಕಿದ ಬೆಡ್‌ಶೀಟಿನ ಅಂಚು ಇವತ್ತೂ ನೆಲ ಮುಟ್ಟಿತ್ತು. "ಈ ಹಗ್ಗ ಬಿಸಾಕಿ ನೈಲಾನ್ ತರ್ತೀನಿ," ಅಂದರು ಮನೆಯವರು. ಹೂಂ ಅನ್ನುವ ಮೊದಲು ಹಗ್ಗವನ್ನು ಮೂಗಿಗೆ ಹಿಡಿದೆ. ಇಷ್ಟು ವರ್ಷ ಸೋಪಿನ ನೀರು ಕುಡಿದರೂ ಬೆಂದ ರೇಷ್ಮೆಗೂಡಿನ ವಾಸನೆ ಇನ್ನೂ ಇದೆ ಅನಿಸಿತು. ನಿಮಗೆ ಆ ವಾಸನೆ ಗೊತ್ತಿಲ್ಲವೆಂದರೆ ನೀವು ಶಿಡ್ಲಘಟ್ಟದಲ್ಲಿ ಬಸ್ಸು ಇಳಿದವರೇ ಅಲ್ಲ ಬಿಡಿ.

ಎಂಬತ್ತರ ದಶಕದ ಕೊನೆಯಲ್ಲಿ ಶಾಹಿದಾ, ನಾನು ಹೈಸ್ಕೂಲಿನಲ್ಲಿ ಒಂದೇ ಬೆಂಚು. ಅವಳು ಓಡುತ್ತಿದ್ದಳು, ನಾನು ಪಿ.ಟಿ. ಮೇಷ್ಟ್ರ ಸ್ಟಾಪ್‌ವಾಚು ಒತ್ತುತ್ತಿದ್ದೆ. ನನ್ನ ಕ್ರೀಡಾಸಾಧನೆಯೆಲ್ಲ ಹೆಬ್ಬೆರಳಿನದು. ಅವಳ ಅಬ್ಬಾಗೆ ಗೂಡಿನಿಂದ ನೂಲು ತೆಗೆಯುವ ಶೆಡ್ಡು ಇತ್ತು. ಗೋಡೆಗೆ ಪತ್ರಿಕೆಯ ತುಂಡೊಂದನ್ನು ಅಂಟಿಸಿದ್ದರು: ಮಹಿಳೆಯರ ನಾನೂರು ಮೀಟರ್ ಓಟದ ರಾಷ್ಟ್ರೀಯ ದಾಖಲೆ, ಅದರ ಕೆಳಗೆ ದೇಶದ ಮೊದಲ ಹತ್ತು ಓಟಗಾರ್ತಿಯರು. ಗೂಡು ಬೇಯುವ ಹಬೆಯಲ್ಲಿ ಆ ಹೆಸರುಗಳು ತೇಲುವಂತೆ ಕಾಣುತ್ತಿದ್ದವು. "ಹತ್ತನೇದಾದ್ರೂ ಸಾಕು ಬೇಟಾ," ಅನ್ನುತ್ತಿದ್ದರು ಅಬ್ಬಾ.

ಮೈದಾನ ಅಳೆಯಲು ಅವರೇ ಉಳಿದ ರೇಷ್ಮೆ ಎಳೆಗಳನ್ನು ಹೊಸೆದು ಈ ಹಗ್ಗ ಮಾಡಿದ್ದರು. ಬಟ್ಟೆ ಅಂಗಡಿಯ ಮೀಟರ್ ಕಡ್ಡಿಯಿಂದ ಅಳೆದು ಕೆಂಪು ದಾರ ಕಟ್ಟಿದ್ದರು. ದನಗಳು ಓಡಾಡಿ ಸುಣ್ಣದ ಗೆರೆ ಅಳಿಸಿಹೋಗುತ್ತಿದ್ದರಿಂದ ಭಾನುವಾರ ಬಂತೆಂದರೆ ಮತ್ತೆ ಅಳತೆ. ಒಂದು ತುದಿಗೆ ಅವರು, ಇನ್ನೊಂದಕ್ಕೆ ನಾವಿಬ್ಬರು. "ಜೋರಾಗಿ ಎಳೀರಮ್ಮಾ! ರೇಷ್ಮೆ ಅದು, ಮೋಸ ಮಾಡಲ್ಲ!"

ಶಾಹಿದಾಳ ಕಾಲು ಗಟ್ಟಿಯಾಯಿತು, ಉಸಿರು ಹದಕ್ಕೆ ಬಂತು. ವಾಚಿನ ಸಮಯ ಮಾತ್ರ ಇಳಿಯಲೇ ಇಲ್ಲ. ಗೋಡೆಯ ದಾಖಲೆ ಹತ್ತಿರವೇ ಬರಲಿಲ್ಲ. "ನಂದು ಇಷ್ಟೇ ಕಣೇ. ಚಿಕ್ಕಬಳ್ಳಾಪುರದ ಪಂದ್ಯದಲ್ಲೂ ಹಿಂಗೇ ಆದ್ರೆ ಬಿಟ್ಬಿಡ್ತೀನಿ," ಅಂದಳು.

ಚಿಕ್ಕಬಳ್ಳಾಪುರದಲ್ಲಿ ಸರ್ವೆಯವರ ಉಕ್ಕಿನ ಸರಪಳಿ ಹಿಡಿದು ಗೆರೆ ಎಳೆದಿದ್ದರು. ಶಾಹಿದಾ ಮೊದಲಿಗಳಾಗಿ ಗೆರೆ ದಾಟಿದಳು, ಎದೆಗೆ ಟೇಪು ಸುತ್ತಿಕೊಂಡು ಹಾಗೇ ಓಡುತ್ತಲೇ ಹೋದಳು. ಆ ಬಿಳಿ ಟೇಪು ಗಾಳಿಯಲ್ಲಿ ಹಾರುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ವಾಚು ನೋಡಿದೆ, ಅಷ್ಟು ಕಮ್ಮಿ ಸಮಯ ನಂಬಲಾಗಲಿಲ್ಲ.

ತಿರುಗಿ ಬಂದವಳ ಮುಖ ಸಪ್ಪಗಿತ್ತು. "ಇವರ ಮೈದಾನ ಗಿಡ್ಡ ಕಣೇ. ಇಂಥ ಗೆಲುವು ನಂಗ್ ಬೇಡ."

ಅಬ್ಬಾ ಚೀಲದಿಂದ ಹಗ್ಗ ತೆಗೆದು ಜಗಳಕ್ಕೇ ನಿಂತರು. "ನಿಮ್ ಸರಪಳಿ ಸರಿ ಇಲ್ಲ ಸಾರ್, ನಮ್ದು ರೇಷ್ಮೆ!" ಯಾರೋ ನಗುತ್ತಲೇ ಎರಡನ್ನೂ ಪಕ್ಕಪಕ್ಕ ಹಾಸಿದರು. ನಮ್ಮ ಕೆಂಪು ಗುರುತು ಸರಪಳಿಯ ಗುರುತು ದಾಟಿ ಎಲ್ಲೋ ಆಚೆ ಬಿದ್ದಿತ್ತು. ವಾರವಾರ ನಾವು ಎಳೆದೆಳೆದು ಹಗ್ಗ ಉದ್ದವಾಗಿತ್ತು. ಅವಳು ಬೆಳೆದಷ್ಟೂ ಮೈದಾನವೂ ಬೆಳೆದಿತ್ತು.

ಅಬ್ಬಾ ಅಲ್ಲೇ ಕುಸಿದು ಕೂತರು. "ಅರೆ ಬೇಟಾ, ಇಷ್ಟು ದಿನ ನಾನೇ ಗೆರೇನ ನಿನ್ನ ಮುಂದೆ ಮುಂದೆ ಓಡಿಸ್ತಿದ್ದೆನಲ್ಲ!" ಶಾಹಿದಾ ನಕ್ಕಳು, ಆಮೇಲೆ ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತಳು.

ದೇಶದ ಮೊದಲ ಹತ್ತರಲ್ಲಿ ಅವಳ ಹೆಸರು ಕೊನೆಗೂ ಬರಲಿಲ್ಲ. ರಾಜ್ಯದ ಪಟ್ಟಿಯ ಬಾಲದಲ್ಲಿ ಒಮ್ಮೆ ಬಂತು, ಅಬ್ಬಾ ಅದನ್ನೇ ಗೋಡೆಗೆ ಅಂಟಿಸಿದರು. ಅವಳು ಓಟ ಮಾತ್ರ ಬಿಡಲಿಲ್ಲ. ಈಗ ಚಿಂತಾಮಣಿಯಲ್ಲಿ ಹುಡುಗಿಯರನ್ನು ಓಡಿಸುತ್ತಾಳೆ. ನನ್ನ ಮದುವೆಗೆ ಅಬ್ಬಾ ಈ ಹಗ್ಗ ಕೊಟ್ಟು, "ಬಟ್ಟೆ ಒಣಗಿಸಮ್ಮಾ, ಏನನ್ನೂ ಅಳೀಬೇಡ," ಅಂದಿದ್ದರು.

ಮನೆಯವರು ಕತ್ತರಿ ಹಿಡಿದು ಬಂದರು.

"ಹಗ್ಗ ಇರಲಿ ರೀ," ಅಂದೆ. "ಕಂಬಾನೇ ಒಂದಿಷ್ಟು ಎತ್ತರ ಮಾಡ್ಸಿ."