ಗೊತ್ತಿದ್ದನ್ನೇ ಕೇಳುವ ಪೆಟ್ಟಿಗೆ

ಇವತ್ತು ಬೆಳಿಗ್ಗೆ ಪೇಪರ್ ಬಿಡಿಸಿದಾಗ ಒಳಗಿನಿಂದ ನುಣುಪಾದ ಕರಪತ್ರವೊಂದು ಜಾರಿ ಪಾದದ ಮೇಲೆ ಬಿತ್ತು. ಬಣ್ಣದ ಅಚ್ಚಿನ ವಾಸನೆ ಇನ್ನೂ ಹೋಗಿರಲಿಲ್ಲ. ಹಲ್ಲೆಲ್ಲ ಕಾಣುವಂತೆ ನಗುತ್ತಿರುವ ಒಂದು ಮಗು. ಅದರ ತಲೆಯ ಮೇಲೆ ತಮಿಳಿನಲ್ಲಿ ಒಂದು ಪ್ರಶ್ನೆ: ‘ನಿಮ್ಮ ಮಗು ಹಿಂದುಳಿದಿದೆಯೇ?’ ಮನೆಯಲ್ಲೇ ಪಾಠ ಹೇಳಿಕೊಡುವ ತಾಯಂದಿರಿಗಾಗಿ ಆಟ, ಪುಸ್ತಕ, ಕಾರ್ಡು, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತದಂತೆ. ನಿಮ್ಮ ಮನೆಗೂ ಇಂಥದ್ದು ಬಂದಿರಬಹುದು. ನೀವು ಅದರ ಮೇಲೆ ಬಿಸಿ ಬೋಂಡಾ ಇಟ್ಟು ಎಣ್ಣೆ ಹಿಂಗಿಸಿದ್ದರೆ ಪುಣ್ಯವಂತರು. ನನಗೆ ಮಾತ್ರ ಮೈ ಉರಿದುಹೋಯಿತು. ಒಂದು ತುಂಡು ಕಾಗದದ ಮೇಲೆ ಇಷ್ಟು ಸಿಟ್ಟೇಕೆ ಎಂದರೆ, ನೀವು ನನ್ನ ಜೊತೆ ಎಂಟು ವರ್ಷ ಹಿಂದಕ್ಕೆ ಬರಬೇಕು.

ನಾವು ತಿರುಪ್ಪೂರಿನವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನನ್ನ ತವರಿನವರು ಮಗ್ಗದವರು. ಎಷ್ಟೋ ತಲೆಮಾರಿನ ಹಿಂದೆ ಈ ಕಡೆಗೆ ಬಂದವರು. ಎಲ್ಲಿಂದ ಬಂದೆವೆಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ನಾವಾಡುವ ಮಾತನ್ನು ಬರೆಯಲೂಬಹುದು ಎಂಬ ಯೋಚನೆಯೇ ನನಗೆ ಬಹಳ ಕಾಲ ಬಂದಿರಲಿಲ್ಲ. ನಮ್ಮವರದು, ಎಂದರೆ ನನ್ನ ಗಂಡನದು, ಪಂಪು, ಮೋಟರು ರಿಪೇರಿಯ ಅಂಗಡಿ. ನಾನು ಬನಿಯನ್ ಕಂಪನಿಯೊಂದರಲ್ಲಿ ಚೆಕ್ಕಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಹೊಲಿದು ಬಂದ ಬಟ್ಟೆಯನ್ನು ಟ್ಯೂಬ್ ಲೈಟಿನ ಕೆಳಗೆ ಹರಡಿ, ಎಲ್ಲಿ ಕಲೆ, ಎಲ್ಲಿ ತೂತು, ಎಲ್ಲಿ ಹೊಲಿಗೆ ಬಿಟ್ಟಿದೆ ಎಂದು ನೋಡಿ, ಅಲ್ಲಿಗೊಂದು ಬಾಣದ ಗುರುತಿನ ಪುಟ್ಟ ಸ್ಟಿಕ್ಕರ್ ಅಂಟಿಸುವುದು. ಹನ್ನೊಂದು ವರ್ಷ ಇದನ್ನೇ ಮಾಡಿದೆ. ಮದುವೆ ಮನೆಗೆ ಹೋದರೂ ಮದುಮಗನ ಮುಖಕ್ಕಿಂತ ಮೊದಲು ಅವನ ಕಾಲರಿನ ಹೊಲಿಗೆ ನನ್ನ ಕಣ್ಣಿಗೆ ಬೀಳುತ್ತಿತ್ತು.

ನಮ್ಮ ಮಗಳು ನಿತ್ಯಾ ಒಂದನೇ ಕ್ಲಾಸಿನಲ್ಲಿದ್ದಾಗ ಟೀಚರ್ ಒಂದು ಚಿತ್ರ ತೋರಿಸಿ ಇದೇನು ಎಂದು ಕೇಳಿದರಂತೆ. ಅವಳು ‘ಬೆಕ್ಕು’ ಎಂದಳು. ತಮಿಳಿನಲ್ಲಿ ಅದು ಪೂನೈ, ಇಂಗ್ಲಿಷಿನಲ್ಲಿ ಕ್ಯಾಟ್; ಬೆಕ್ಕು ಎಂಬ ಪ್ರಾಣಿಯನ್ನು ಆ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ. ಮಕ್ಕಳು ನಕ್ಕರು. ನಗಲಿ, ಮಕ್ಕಳಲ್ಲವೇ. ಆದರೆ ಟೀಚರೂ ನಕ್ಕರು, ಮರುದಿನ ಹಾಜರಿ ಕೂಗುವಾಗ ಅವರೇ ಬೆಕ್ಕು ಬಂದಿದೆಯಾ ಎಂದು ಕೇಳಿದರು. ಎರಡು ವರ್ಷ ನನ್ನ ಮಗಳಿಗೆ ಆ ಶಾಲೆಯಲ್ಲಿ ಅದೇ ಹೆಸರು. ಎರಡನೇ ಕ್ಲಾಸು ಮುಗಿಯುವಷ್ಟರಲ್ಲಿ ಯಾರು ಏನು ಕೇಳಿದರೂ ಅವಳದು ಒಂದೇ ಉತ್ತರ: “ಗೊತ್ತಿಲ್ಲ.” ಊಟಕ್ಕೆ ಏನಿತ್ತು? ಗೊತ್ತಿಲ್ಲ. ನಿನ್ನ ಚಪ್ಪಲಿ ಎಲ್ಲಿ? ಗೊತ್ತಿಲ್ಲ. ಗೊತ್ತಿಲ್ಲ ಎಂದವರನ್ನು ನೋಡಿ ಯಾರೂ ನಗಲಾರರು ಎಂಬುದನ್ನು ಆ ಮಗು ತಾನಾಗಿಯೇ ಕಂಡುಕೊಂಡಿತ್ತು.

ಹೆಡ್‌ಮಿಸ್ ನಮ್ಮಿಬ್ಬರನ್ನೂ ಕರೆಸಿ, ಮನೆಯಲ್ಲಿ ಆ ಭಾಷೆ ಆಡುವುದನ್ನು ಮೊದಲು ನಿಲ್ಲಿಸಿ ಎಂದರು. ನಮ್ಮವರು ಮಾತು ಕಡಿಮೆ. “ಸರೀಂಗ, ನಿರುತ್ತಿಡರೋಂ” ಎಂದರು, ನಿಲ್ಲಿಸಿಬಿಡುತ್ತೇವೆ ಅಂತ. ಎದ್ದು ಹೊರಗೆ ಬಂದರು. ನಿಲ್ಲಿಸಿದ್ದು ಶಾಲೆಯನ್ನು.

ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂತೆ. ಕೂತು ಮಾಡುವುದೇನು? ಬಟ್ಟೆಯಲ್ಲಿ ತಪ್ಪು ಹುಡುಕುವವಳಿಗೆ ಪಾಠ ಹೇಳಲು ಬರುತ್ತದೆಯೇ? ಫೋನಿನಲ್ಲಿ ಹುಡುಕಿ, ಇಂಥದೇ ಪೆಟ್ಟಿಗೆ ಮಾರುವ ಒಂದು ಕಂಪನಿಗೆ ನಂಬರ್ ಕೊಟ್ಟೆ. ಕೊಯಮತ್ತೂರಿನಿಂದ ಒಬ್ಬ ಮೇಡಂ ಬಂದರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಕಾರ್ಡಿನ ಕಟ್ಟು. ನಿತ್ಯಾಳನ್ನು ಚಾಪೆಯ ಮೇಲೆ ಕೂರಿಸಿ ಒಂದೊಂದೇ ಚಿತ್ರ ತೋರಿಸಿದರು. ಹಿಮದ ಗುಡಿಸಲು. ಸೀಲ್ ಪ್ರಾಣಿ. ಬೆಂಕಿಗೂಡಿರುವ ಮನೆ. ನಿತ್ಯಾ ಎಲ್ಲಕ್ಕೂ “ತೆರಿಯಲೆ” ಎಂದಳು, ತಮಿಳಿನಲ್ಲೂ ಅದೇ ‘ಗೊತ್ತಿಲ್ಲ’. ಮೇಡಂ ಕಾಗದದ ಮೇಲೆ ಇಂಟು ಹಾಕುತ್ತಲೇ ಹೋದರು. ನೀವೇ ಹೇಳಿ, ತಿರುಪ್ಪೂರಿನ ಬಿಸಿಲಿನಲ್ಲಿ ಬೆಳೆದ ಮಗು ಹಿಮದ ಗುಡಿಸಲನ್ನು ಕಂಡದ್ದು ಯಾವಾಗ? ಕಣ್ಣು ಮುಚ್ಚಿಕೊಂಡು ಎರಡು ಬೆರಳಲ್ಲಿ ಮುಟ್ಟಿ, ಇದು ಬನಿಯನ್ ಬಟ್ಟೆ, ಇದು ಕೊರಳಿಗೆ ಹಾಕುವ ರಿಬ್ ಬಟ್ಟೆ ಎಂದು ಹೇಳುತ್ತಿದ್ದವಳು ಅವಳು. ಅದಕ್ಕೆ ಆ ಕಟ್ಟಿನಲ್ಲಿ ಕಾರ್ಡ್ ಇರಲಿಲ್ಲ.

“ವಯಸುಕ್ಕು ರೆಂಡು ವರುಷಂ ಪಿನ್ನಾಡಿ ಇರುಕ್ಕಾ. ಸ್ಲೋ ಲರ್ನರ್,” ಎಂದರು ಮೇಡಂ. ವಯಸ್ಸಿಗೆ ಎರಡು ವರ್ಷ ಹಿಂದಿದ್ದಾಳೆ. ದನಿ ತಗ್ಗಿಸಲಿಲ್ಲ, ಮಗುವನ್ನು ಒಳಗೆ ಕಳಿಸು ಎನ್ನಲಿಲ್ಲ. ನಿತ್ಯಾ ಚಾಪೆಯ ಅಂಚಿನ ಎಳೆ ಕೀಳುತ್ತ ಅಲ್ಲೇ ಕೂತಿದ್ದಳು. ನಾನು ಏನು ಮಾಡಿದೆ ಗೊತ್ತೇ? ಇನ್ನೊಂದು ಲೋಟ ಕಾಫಿ ಕೊಟ್ಟು, ಪೆಟ್ಟಿಗೆ ಕೊಂಡೆ.

ಆ ಪೆಟ್ಟಿಗೆಯ ವಿಷಯ ಸ್ವಲ್ಪ ಹೇಳಲೇಬೇಕು. ಅದರಲ್ಲಿ ಒಂದು ಹಾವು ಏಣಿ ಆಟವಿತ್ತು. ಹಲ್ಲುಜ್ಜಿದರೆ ಏಣಿ, ಸುಳ್ಳು ಹೇಳಿದರೆ ಹಾವು. ನಿತ್ಯಾಳಿಗೆ ಹಾವಿನ ಬೆನ್ನ ಮೇಲೆ ಸರ್ರನೆ ಜಾರುವುದೇ ಖುಷಿ. ನಾನು ಅದನ್ನೂ ಬಿಡದೆ, “ಜಾರಿದ್ದು ಯಾಕೆ, ಹೇಳು” ಎಂದು ಕೇಳುತ್ತಿದ್ದೆ. ಕಥೆ ಪುಸ್ತಕಗಳೂ ಇದ್ದವು. ಒಂದು ಪುಟ ಕಥೆ, ಎರಡು ಪುಟ ಪ್ರಶ್ನೆ. ಮೊಲ ಏನು ಕಲಿಯಿತು? ನೀನು ಏನು ಕಲಿತೆ? ಇಂಥ ಪುಸ್ತಕ ಬರೆದವರನ್ನು ಕೂರಿಸಿ, ಪ್ರತಿ ತುತ್ತಿಗೂ ಈ ಅನ್ನದಿಂದ ಏನು ಕಲಿತಿರಿ ಎಂದು ಕೇಳುತ್ತ ಊಟ ಹಾಕಬೇಕು ಅನ್ನಿಸುತ್ತದೆ. ಆದರೆ ಆಗ ಹಾಗನ್ನಿಸಲಿಲ್ಲ. ಕೆಂಪು ಪೆನ್ನು ಹಿಡಿದು ಕೂತೆ. ಹನ್ನೊಂದು ವರ್ಷದ ಅಭ್ಯಾಸ; ತಪ್ಪು ಕಂಡಲ್ಲೆಲ್ಲ ಬಾಣ ಬರೆದೆ. ಅವಳ ನೋಟ್‌ಬುಕ್ಕು ವಾಪಸ್ಸು ಬಂದ ಮಾಲಿನ ಹಾಗೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಅದೇ ಸೀಲ್ ಪ್ರಾಣಿಯ ಕಾರ್ಡನ್ನು ಐದನೇ ಸಲ ಹಿಡಿದು, “ಇದೇನು?” ಎಂದೆ. ಅವಳು ಕಾರ್ಡ್ ಬಿಟ್ಟು ನನ್ನ ಮುಖ ನೋಡಿದಳು.

“ನಿಂಗೆ ಗೊತ್ತಲ್ಲ ಅಮ್ಮ. ಆಮೇಲೆ ಯಾಕೆ ನನ್ನ ಕೇಳ್ತೆ?”

ನಾನು ಕಾರ್ಡನ್ನು ನೆಲಕ್ಕೆ ಬಡಿದು ಎದ್ದು ಹೋದೆ.

ಅದೇ ವಾರ ನಮ್ಮವರು ಒಂದು ಪಂಪ್ ಕಂಪನಿಯ ಬಿಡಿಭಾಗಗಳ ಕ್ಯಾಟಲಾಗ್ ಮನೆಗೆ ತಂದರು. ಪಂಪಿನ ಒಂದೊಂದು ಭಾಗವನ್ನೂ ಬಿಚ್ಚಿ ಸಾಲಾಗಿ ಬಿಡಿಸಿ ನಂಬರ್ ಕೊಟ್ಟ ಚಿತ್ರಗಳು. ಕನ್ನಡಕ ಅಂಗಡಿಯಲ್ಲೇ ಬಿಟ್ಟು ಬಂದಿದ್ದರು. “ಕಣ್ಣು, ಇಲ್ಲಿ ವಾ. ಈ ವಾಷರ್ ಪಕ್ಕ ಏನ್ ನಂಬರ್ ಹಾಕವ್ರೆ? ನಂಗೆ ಕಾಣ್ತಿಲ್ಲ,” ಎಂದು ಮಗಳನ್ನು ಕರೆದರು. ನಿಜವಾಗಿ ಕಾಣುತ್ತಿರಲಿಲ್ಲ. ನಿತ್ಯಾ ಪುಸ್ತಕದ ಮೇಲೆ ಬಾಗಿದಳು. “ಹದಿನಾಲ್ಕು. ಅದರ ಕೆಳಗೆ ಬುಷ್ ಅಂತ ಇದೆ, ಅದು ಹದಿನೈದು,” ಎಂದಳು. ನಾನು ಅಡಿಗೆಮನೆಯಲ್ಲಿ ಸೌಟು ಹಿಡಿದು ನಿಂತುಬಿಟ್ಟೆ. ಯಾರೋ ಕೇಳಿದ್ದಕ್ಕೆ ಅವಳು ಉತ್ತರ ಕೊಟ್ಟು ತಿಂಗಳುಗಳೇ ಆಗಿದ್ದವು.

ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಜಾಣೆ ಅನ್ನಿಸಿಕೊಳ್ಳುತ್ತಿದ್ದೆ. ಮರುದಿನವೇ ಹೊಸ ನೋಟ್‌ಬುಕ್ ತಂದು, ವಾಷರ್, ಬುಷ್, ಶಾಫ್ಟ್, ಒಂದೊಂದನ್ನೂ ಹತ್ತು ಸಲ ಬರೆ ಎಂದೆ. ಅವಳು ಮತ್ತೆ ‘ಗೊತ್ತಿಲ್ಲ’ದೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಮ್ಮವರು ನೋಟ್‌ಬುಕ್ ಎತ್ತಿ ಬೀರುವಿನ ಮೇಲಿಟ್ಟು, “ನಿನ್ ಕಂಪನಿ ಕೆಲ್ಸ ಬಿಟ್ಟಾಯ್ತಲ್ಲ,” ಎಂದಷ್ಟೇ ಹೇಳಿದರು.

ಆಮೇಲೆ ನಾನು ಆಟ, ಪುಸ್ತಕ ಆಯ್ದುಕೊಳ್ಳುವ ರೀತಿಯೇ ಬದಲಾಯಿತು. ಆಟವಾದರೆ ನಾನು ನಿಜವಾಗಿ ಸೋಲುವಂಥದ್ದಿರಬೇಕು. ಬೇಕೆಂದು ಸೋತರೆ ಅವಳಿಗೆ ತಕ್ಷಣ ತಿಳಿಯುತ್ತಿತ್ತು. ಮುಚ್ಚಿಟ್ಟ ಕಾರ್ಡುಗಳಲ್ಲಿ ಜೋಡಿ ಹುಡುಕುವ ಆಟದಲ್ಲಿ ನನ್ನ ಮಾನ ದಿನವೂ ಹೋಯಿತು. ಪುಸ್ತಕವಾದರೆ ಮುಂದೇನಾಗುತ್ತದೆಂದು ನನಗೂ ಕುತೂಹಲ ಇರಬೇಕು. ಹಾಗೆ ಸಿಕ್ಕಿದ್ದು ಪಕ್ಕದ ಮನೆಯ ಶೋಭಾ ಕೊಟ್ಟ ಒಂದು ಕನ್ನಡ ಮೊದಲ ಪುಸ್ತಕ. ಅವರು ದಾವಣಗೆರೆ ಕಡೆಯವರು, ಹೊಸದಾಗಿ ಬಂದಿದ್ದರು. ನಮ್ಮ ಮಾತು ಕೇಳಿ ಮೊದಲು ನಕ್ಕಿದ್ದರು. ನಿತ್ಯಾಳ ಮುಖ ನೋಡಿ ನಿಲ್ಲಿಸಿದರು. “ತಪ್ಪು ತಿಳ್ಕೋಬೇಡಿ. ನಮ್ಮಜ್ಜಿ ಬಿಟ್ಟರೆ ಯಾರ ಬಾಯಲ್ಲೂ ಇಂಥ ಹಳೇ ಪದ ಕೇಳಿರಲಿಲ್ಲ, ಅದಕ್ಕೆ ನಗು ಬಂತು,” ಎಂದರು. ಆ ಪುಸ್ತಕದ ಒಂದು ಅಕ್ಷರವೂ ನನಗೆ ಬಾರದು, ಮಗಳಿಗೂ ಬಾರದು. ಶೋಭಾ ಒಮ್ಮೆ ಓದಿ ತೋರಿಸಿ ಹೋದ ಮೇಲೆ ಒಂದೇ ಚಾಪೆಯ ಮೇಲೆ ಇಬ್ಬರೂ ಕೂತೆವು. ಇದು ಮ ನೋ ವ ನೋ ಎಂದು ನಾನು ಕೇಳಿದರೆ ಅದು ಪರೀಕ್ಷೆಯಾಗಿರಲಿಲ್ಲ. ನನಗೆ ಅದರ ಅಗತ್ಯವಿತ್ತು. ಅವಳು ನನಗಿಂತ ಮೊದಲು ಕಲಿತಳು. ಬೆಕ್ಕು ಎಂದು ಬರೆದು, ಕ್ಕು ಹೀಗೆ ಬರೆಯಬೇಕು ಎಂದು ನನಗೆ ತೋರಿಸಿದಳು. ನೀವೀಗ ಓದುತ್ತಿರುವ ಈ ಬರಹದ ಒತ್ತಕ್ಷರಗಳೆಲ್ಲ ನಾನು ಅವಳ ಹತ್ತಿರ ಕಲಿತವು.

ಆರನೇ ಕ್ಲಾಸಿಗೆ ಬೇರೆ ಶಾಲೆ ಸೇರಿದಳು. ಈಗ ಹತ್ತರಲ್ಲಿದ್ದಾಳೆ. ರ‍್ಯಾಂಕು ಗೀಂಕು ಏನಿಲ್ಲ. ಉತ್ತರ ಹೇಳುವ ಮೊದಲು ಈಗಲೂ ಸ್ವಲ್ಪ ತಡೆಯುತ್ತಾಳೆ.

ಹೋದ ಭಾನುವಾರ ಆನೈಮಲೈಗೆ, ಮಾಸಾಣಿ ಅಮ್ಮನ ಗುಡಿಗೆ ಹೋಗಿದ್ದೆವು. ಹಾಗೇ ನನ್ನ ಚಿಕ್ಕಮ್ಮನ ಮಗಳು ಕಲ್ಪನಾಳ ತೋಟಕ್ಕೂ ಹೋದೆವು. ಅವಳು ತನ್ನ ನಾಲ್ಕು ವರ್ಷದ ಮಗಳನ್ನು ನಮ್ಮೆದುರು ನಿಲ್ಲಿಸಿ, “ದೊಡ್ಡಮ್ಮಂಗೆ ಹೇಳ್ ಕಣ್ಣು, ಇದು ಏನ್ ಕಲರು?” ಎಂದಳು. ಮಗು ಸೆರಗಿನೊಳಗೆ ಮುಖ ಹುದುಗಿಸಿತು. “ಎಲ್ಲಾ ಗೊತ್ತುಂಗಕ್ಕ ಇವ್ಳಿಗೆ. ಆಳು ಕಂಡ್ರೆ ಬಾಯೇ ಬಿಡಲ್ಲ.” ಎಂಟು ವರ್ಷದಿಂದ ಕೂಡಿಟ್ಟ ಭಾಷಣ ನನ್ನ ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ನಿತ್ಯಾ ಅಂಗಳದ ತೆಂಗಿನಕಾಯಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, “ಪಾಪು, ಇದ್ರಲ್ಲಿ ಕುಡಿಯೋದು ಯಾವುದು? ನಂಗೆ ನಿಜವಾಗ್ಲೂ ಗೊತ್ತಿಲ್ಲ,” ಎಂದಳು. ಮಗು ಸೆರಗು ಬಿಟ್ಟು ಹೋಗಿ ಒಂದು ಕಾಯಿಯನ್ನು ಎರಡು ಕೈಯಲ್ಲಿ ತಬ್ಬಿ ಅಲ್ಲಾಡಿಸಿತು. “ಸದ್ದು ಬಂದ್ರೆ ಚಟ್ನಿಗೆ. ಬರ್ದಿದ್ರೆ ಕುಡೀಬೋದು.” ಕಲ್ಪನಾ ಕೂಡಲೇ, “ನೋಡ್ದ್ರಾ, ಮಾತಾಡ್ತಾಳೆ. ಈಗ ಕಲರ್ ಹೇಳ್ ಕಣ್ಣು,” ಎಂದಳು.

ಪೊಳ್ಳಾಚಿಯಿಂದ ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಆ ಪೆಟ್ಟಿಗೆ ಮೇಡಮ್ಮನ್ನು ನೆನೆದು ಯಥಾಪ್ರಕಾರ ಬೈಯುತ್ತಿದ್ದೆ. ನಿತ್ಯಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

“ಅಮ್ಮ, ಅವ್ರು ನನ್ನ ಹಂಗೆ ಅಂದಾಗ ನೀನೂ ನಂಬಿದ್ಯಾ?”

“ನಂಬಿದ್ದೆ,” ಎಂದೆ.

“ಅಪ್ಪ?”

“ಒಂದು ದಿನಾನೂ ಇಲ್ಲ.”

ಅವಳು ತಲೆಯಾಡಿಸಿದಳು. ಹೊರಗೆ ನೋಡುತ್ತಲೇ ಹೇಳಿದಳು: “ನಾನೂ ನಂಬಿದ್ದೆ. ನಿನ್ಗಿಂತ ಜಾಸ್ತಿ ದಿನ.”

ಎಂಟು ವರ್ಷ ಯಾರ ಯಾರ ಮೇಲೋ ಕೆಂಡ ಕಾರಿದೆನಲ್ಲ, ಆ ಚಾಪೆಯ ಮೇಲೆ ಕೂತಿದ್ದವಳನ್ನು, ನೀನು ನಂಬಿದೆಯಾ ಎಂದು ಒಮ್ಮೆಯೂ ಕೇಳಿರಲಿಲ್ಲ. ಇವತ್ತು ಸಂಜೆ ನಾಲ್ಕೂವರೆಗೆ ಅವಳು ಶಾಲೆಯಿಂದ ಬರುತ್ತಾಳೆ. ನಂಬುವುದನ್ನು ಯಾವಾಗ ಬಿಟ್ಟೆ ಎಂದು ಕೇಳಬೇಕು. ಉತ್ತರ ಏನು ಬರುತ್ತದೋ ನನಗೆ ಗೊತ್ತಿಲ್ಲ. ಇನ್ನೂ ಬಿಟ್ಟಿಲ್ಲ ಎಂದರೂ ಎನ್ನಬಹುದು.