ದಂಡದ ಡಬ್ಬಿ ಮತ್ತು ಪದ್ಮಾಕ್ಷಿ ಟೀಚರ್

ಫರಂಗಿಪೇಟೆಯಲ್ಲಿ ಬಸ್ಸಿಳಿದು ಪದ್ಮಾಕ್ಷಿ ಟೀಚರ ಕ್ಲಾಸು ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಹೆದ್ದಾರಿ ಬದಿಯ ಮೊಬೈಲ್ ರಿಪೇರಿ ಅಂಗಡಿಯ ಪಕ್ಕದಲ್ಲಿ ಒಂದು ಇಕ್ಕಟ್ಟಿನ ಮೆಟ್ಟಿಲು. ಹತ್ತಿದರೆ ಶೀಟು ಹೊದಿಸಿದ ಮಾಡು, ಯಾವುದೋ ಮದುವೆ ಹಾಲಿನಿಂದ ಬಂದ ಹಳೆಯ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೊಂದು ಕರಿಹಲಗೆ. ಕೆಳಗೆ ಲಾರಿ ಹೋದರೆ ಪಾಠ ನಿಲ್ಲುತ್ತದೆ. ಲಾರಿ ದಾಟಿದ ಮೇಲೆ, ಬಾಯಲ್ಲಿ ಅರ್ಧ ಉಳಿದ ಮಾತು ಅಲ್ಲಿಂದಲೇ ಮುಂದುವರಿಯುತ್ತದೆ.

ಅಲ್ಲಿ ಕಲಿಸುವುದು ಇಂಗ್ಲಿಷ್. ಆದರೆ ಶಾಲೆಯ ಪದ್ಯಗಳ ಇಂಗ್ಲಿಷಲ್ಲ. ವ್ಯಾಪಾರದ್ದು, ಯಂತ್ರದ್ದು, ಫೋನಿನದ್ದು. ಬ್ಯಾಂಕಿನವರು ಬಳಸುವ ಮಾತು, ಸಬ್ಸಿಡಿ ಕೊಡುವ ಕಚೇರಿಯ ಮಾತು, ಆನ್‌ಲೈನಿನಲ್ಲಿ ಸಾಮಾನು ಮಾರಲು ಹೋದರೆ ಎದುರಾಗುವ ಮಾತು. ಸಂಜೆ ಅಂಗಡಿಯ ಶಟರ್ ಎಳೆದು ಬರುವವರು, ಹಪ್ಪಳ ಮಾಡುವ ಹೆಂಗಸರು, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರು, ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಪಾಠ ನಡೆಯುವುದು ಮಾತ್ರ ತುಳುವಿನಲ್ಲಿ.

"ಪ್ರೋಟೋಟೈಪ್ ಅಂದರೆ ಎಂತ?" ಎಂದು ಪದ್ಮಾಕ್ಷಿ ಕೇಳುತ್ತಾಳೆ. ಉತ್ತರ ಬಾರದಿದ್ದರೆ ಅವಳೇ ಹೇಳುತ್ತಾಳೆ: "ಕಾವಲಿಗೆ ಹೊಯ್ಯುವ ಮೊದಲ ನೀರುದೋಸೆ. ತಿನ್ನಲಿಕ್ಕಲ್ಲ, ಕಾವಲಿ ಕಾದಿದೆಯಾ ನೋಡಲಿಕ್ಕೆ. ಅದು ಹರಿದುಹೋಯಿತು ಅಂತ ಯಾರೂ ಅಳುವುದಿಲ್ಲ." ಫೀಡ್‌ಬ್ಯಾಕ್ ಎಂದರೆ ಮದುವೆ ಊಟ ಮುಗಿಸಿ ಕೈ ತೊಳೆಯುವಲ್ಲಿ ಜನ ಆಡಿಕೊಳ್ಳುವ ಮಾತು, ಮದುಮಗಳ ಅಪ್ಪನೆದುರು ಹೇಳುವ ಮಾತಲ್ಲ. ಹೀಗೆ ಒಮ್ಮೆ ಕೇಳಿದ ಪದವನ್ನು ಯಾರೂ ಮರೆಯುವುದಿಲ್ಲ.

ಈ ರೀತಿಯನ್ನು ಪದ್ಮಾಕ್ಷಿ ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಅವಳು ಬೆಳ್ತಂಗಡಿ ತಾಲೂಕಿನ ಒಂದು ಗುಡ್ಡದ ಊರಿನವಳು. ಅಪ್ಪ ಗುರುವಪ್ಪ ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು. ಊರಿನ ಕನ್ನಡ ಶಾಲೆಯಲ್ಲಿ ಅವಳೇ ಮೊದಲು. ಆ ಹೆಮ್ಮೆಯಲ್ಲೇ ಮೂಡುಬಿದಿರೆಯ ಕಾಲೇಜಿಗೆ ಕಾಮರ್ಸ್ ಓದಲು ಬಂದಳು, ಮತ್ತು ಮೊದಲ ವಾರವೇ ಅವಳ ಬಾಯಿ ಕಟ್ಟಿತು. ಹಾಸ್ಟೆಲಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡ. ಬೆಂಗಳೂರು, ದಾವಣಗೆರೆ ಕಡೆಯಿಂದ ಬಂದ ಹುಡುಗಿಯರು ದಂಡ ಕಟ್ಟಿಯಾದರೂ ನಗುತ್ತ ಹರಟುತ್ತಿದ್ದರು. ಪದ್ಮಾಕ್ಷಿ ಕಟ್ಟಲಾರದೆ ಸುಮ್ಮನಾದಳು. ಊಟದ ಸಾಲಿನಲ್ಲಿ ಸಾಂಬಾರು ಬೇಕೆಂದು ಕೇಳಲು ಇಂಗ್ಲಿಷ್ ಬಾರದೆ ಬರೀ ಮಜ್ಜಿಗೆ ಅನ್ನ ಉಂಡು ಎದ್ದ ದಿನಗಳುಂಟು. ಕಾಲೇಜಿನವರು ಅವಳನ್ನು "ತುಂಬ ಸೈಲೆಂಟ್ ಹುಡುಗಿ" ಎಂದು ಮೆಚ್ಚಿಕೊಂಡರು. ಮನೆಯಲ್ಲಿ ಅವಳ ಬಾಯಿ ಮುಚ್ಚಿಸಲು ಅಮ್ಮನಿಗೇ ಆಗುತ್ತಿರಲಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

ರಜೆಗೆ ಊರಿಗೆ ಹೋದಾಗ ಪರೀಕ್ಷೆಯ ಪುಸ್ತಕ ಹಿಡಿದು "ಕ್ಯಾಪಿಟಲ್, ಇನ್‌ಕಮ್" ಎಂದು ಗುನುಗುತ್ತ ಕೂತಿದ್ದಳು. ಅಪ್ಪ ಕತ್ತಿ ಮಸೆಯುತ್ತಿದ್ದವರು, ಅದೇನು ಎಂದು ಕೇಳಿದರು. ಅವಳು ತುಳುವಿನಲ್ಲಿ ವಿವರಿಸಲು ಹೋಗಿ ತಡವರಿಸಿದಳು. ಅವರೇ ಹೇಳಿದರು: "ಹಾಗಾದರೆ ರಬ್ಬರ್ ಮರ ಕ್ಯಾಪಿಟಲ್, ಅದರ ಹಾಲು ಇನ್‌ಕಮ್. ಹಾಲು ಹೆಚ್ಚು ಬರಲಿ ಅಂತ ಆಳಕ್ಕೆ ಗೀರಿದರೆ ಎರಡೂ ಹೋಯಿತು. ಇಷ್ಟಕ್ಕೆ ಇಷ್ಟು ದಪ್ಪ ಪುಸ್ತಕವಾ ಮಗಾ?"

ಅಂದಿನಿಂದ ಅವಳು ಪ್ರತಿಯೊಂದು ಪದವನ್ನೂ ಒಮ್ಮೆ ಮನೆಗೆ ಕರೆದುಕೊಂಡು ಹೋಗಿ ಬಂದಳು. ತುಳುವಿನಲ್ಲಿ ನಿಲ್ಲದ ಪದವನ್ನು ಇಂಗ್ಲಿಷಿನಲ್ಲೂ ನಂಬಲಿಲ್ಲ. ಬಿ.ಕಾಂ. ಮುಗಿಯುವ ಹೊತ್ತಿಗೆ ಅವಳ ಬಾಯಿ ಬಿಚ್ಚಿತ್ತು, ಮತ್ತೆ ಮುಚ್ಚಲಿಲ್ಲ.

ಮದುವೆಯಾಗಿ ಬಂಟ್ವಾಳ ತಾಲೂಕಿಗೆ ಬಂದ ಮೇಲೆ ಕ್ಲಾಸು ಶುರುವಾಯಿತು. ಕೆಳಗಿನ ಮೊಬೈಲ್ ಅಂಗಡಿ ಮತ್ತು ಕಟ್ಟಡ ಶಾಹುಲ್ ಹಮೀದರದ್ದು. ಊರವರಿಗೆ ಅವರು ಹಮೀದಾಕ. ಕೋಣೆ ಕೊಟ್ಟವರೂ ಅವರೇ, ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂತವರೂ ಅವರೇ. "ಫೋನಿನ ಹೊಟ್ಟೆಯೊಳಗೆ ಏನುಂಟು ಅಂತ ನನಗೆ ಗೊತ್ತುಂಟು ಟೀಚರೇ, ಅದರ ಮೇಲೆ ಬರೆದದ್ದು ಮಾತ್ರ ಗೊತ್ತಿಲ್ಲ" ಎಂದಿದ್ದರು. ಅವರ ಹಿಂದೆ ಹಲಸಿನ ಹಪ್ಪಳದ ಕಾಂತಿಯಕ್ಕ ಬಂದಳು. ಗೂಡಿನಬಳಿ ಎಂಬ ಊರಿನವಳು, ಮಾತಿನ ಮಲ್ಲಿ. ಅವಳು ಎಬ್ಬಿಸಿಕೊಂಡು ಬಂದ ಹೆಂಗಸರಿಂದಲೇ ಅರ್ಧ ಕೋಣೆ ತುಂಬಿತು.

ಒಂದೇ ಒಂದು ಕೊರತೆ ಇತ್ತು. ಪದ್ಮಾಕ್ಷಿಯ ಕ್ಲಾಸಿನಲ್ಲಿ ಕಲಿತವರಿಗೆ ಸರ್ಟಿಫಿಕೇಟ್ ಇಲ್ಲ. ಅಂಗಡಿಯವರಿಗೆ ಅದು ಬೇಡ. ಆದರೆ ರಶೀನಾಳಂಥವರಿಗೆ ಬೇಕು. ಅವಳು ಡಿಗ್ರಿ ಮುಗಿಸಿ ಮಂಗಳೂರಿನ ಕಂಪೆನಿಗಳಿಗೆ ಅರ್ಜಿ ಹಾಕುತ್ತಿದ್ದಳು. ಹೋದಲ್ಲೆಲ್ಲ ಕಾಗದ ಕೇಳುತ್ತಿದ್ದರು. ಕಾಗದವಿಲ್ಲದ ಕ್ಲಾಸಿನಲ್ಲಿ ಪ್ರಾಯದವರು ಉಳಿಯುವುದಿಲ್ಲ, ಅವರು ಹೋದರೆ ಕ್ಲಾಸೂ ಹೆಚ್ಚು ದಿನ ಬಾಳುವುದಿಲ್ಲ ಎಂಬುದು ಪದ್ಮಾಕ್ಷಿಗೆ ಗೊತ್ತಿತ್ತು.

ಆದ್ದರಿಂದ ಮೂಡುಬಿದಿರೆಯ ಒಂದು ತರಬೇತಿ ಸಂಸ್ಥೆಗೆ ಅವಳೇ ಬರೆದಳು. ಅಲ್ಲಿಂದ ಶೋಧನ್ ಎಂಬವರು ಬಂದರು. ಇಸ್ತ್ರಿ ಮಾಡಿದ ಅಂಗಿ, ಹಿತವಾದ ಮಾತು, ವಯಸ್ಸು ಹೆಚ್ಚೇನಲ್ಲ. ಕ್ಲಾಸನ್ನು ಸಂಸ್ಥೆಯೊಂದಿಗೆ ಸೇರಿಸಿಕೊಳ್ಳಲು, ಸರ್ಟಿಫಿಕೇಟ್ ಕೊಡಲು ಅವರು ಸಿದ್ಧರಿದ್ದರು. ಷರತ್ತು ಒಂದೇ. ಅದನ್ನು ಅವರು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟರು: ಹಳದಿ ಬಣ್ಣದ ಒಂದು ತಗಡಿನ ಡಬ್ಬಿ, ಮುಚ್ಚಳದಲ್ಲಿ ಸೀಳು.

"ಕ್ಲಾಸಿನಲ್ಲಿ ಇಂಗ್ಲಿಷ್ ಮಾತ್ರ ಮೇಡಂ. ತುಳು ಬಂದರೆ ದಂಡ. ನಮ್ಮ ಎಲ್ಲ ಸೆಂಟರಿನಲ್ಲೂ ಉಂಟು."

"ತುಳುವಿನಲ್ಲಿ ಹೇಳದೆ ಇವರಿಗೆ ಅರ್ಥ ಹೇಗೆ ಆಗ್ತದೆ ಸರ್?"

"ಇಂಟರ್‌ವ್ಯೂನಲ್ಲಿ ಯಾರೂ ತುಳುವಿನಲ್ಲಿ ಕೇಳುವುದಿಲ್ಲ, ಅಲ್ವಾ?"

"ಕೇಳುವುದಿಲ್ಲ. ಆದರೆ ಉತ್ತರ ಹುಟ್ಟುವುದು ತುಳುವಿನಲ್ಲೇ ಅಲ್ವಾ ಸರ್?"

ಅವರು ನಕ್ಕರು. "ಒಮ್ಮೆ ಮಾಡಿ ನೋಡುವ. ಸ್ವಲ್ಪ ದಿನ ಬಿಟ್ಟು ನಾನೇ ಬಂದು ಕ್ಲಾಸು ನೋಡ್ತೇನೆ."

ಪದ್ಮಾಕ್ಷಿ ಡಬ್ಬಿಯನ್ನು ನೋಡಿದಳು. ಹಾಸ್ಟೆಲಿನಲ್ಲಿ ಇದ್ದದ್ದೂ ಇಂಥದ್ದೇ. ಬಿಸಾಡಬೇಕು ಎನಿಸಿತು. ಆಗ ರಶೀನಾಳ ಮುಖ ನೆನಪಿಗೆ ಬಂತು. ಡಬ್ಬಿ ಮೇಜಿನ ಮೇಲೆ ಉಳಿಯಿತು.

ಆಮೇಲಿನ ಕ್ಲಾಸುಗಳನ್ನು ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತದೆ. ಕೋಣೆ ಸ್ಮಶಾನದಂತಾಯಿತು. ಲಾರಿ ಹೋದರೂ ಪಾಠ ನಿಲ್ಲಿಸಬೇಕಾಗಲಿಲ್ಲ. ನಿಲ್ಲಿಸಲು ಅಲ್ಲಿ ಮಾತೇ ಇರಲಿಲ್ಲ. ಹಮೀದಾಕ ಮರೆತು ಬಾಯಿಬಿಟ್ಟು ಮತ್ತೆ ಮತ್ತೆ ದಂಡ ಹಾಕಿದರು. ಕೊನೆಗೆ ರೇಗಿ ಎದ್ದರು: "ನನ್ನ ಕಟ್ಟಡದಲ್ಲಿ ಕೂತು ನನ್ನ ಬಾಯಿಗೆ ನಾನೇ ಬಾಡಿಗೆ ಕೊಡುವುದಾ ಮಾರಾಯ್ರೆ?" ಅದಕ್ಕೂ ದಂಡ ಬಿತ್ತು. ಯಾರೂ ನಗಲಿಲ್ಲ. ಕಾಂತಿಯಕ್ಕ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವಳು ಸೆರಗಿನ ತುದಿ ಸುತ್ತುತ್ತ ಕೂತಿರುವುದನ್ನು ಕಂಡಾಗ ಪದ್ಮಾಕ್ಷಿಗೆ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹುಡುಗಿಯೊಬ್ಬಳು ಕಂಡಳು. ದಂಡ ಹಾಕುವ ಕೈ ಈ ಸಲ ಅವಳದ್ದೇ ಆಗಿತ್ತು.

ಶೋಧನ್ ಹೇಳಿದಂತೆ ಬಂದರು. ನಮ್ಮ ಜನರಿಗೆ ಒಂದು ಅಭ್ಯಾಸವಿದೆ. ಹೊರಗಿನವರು ಬಂದ ಕೂಡಲೇ ಎಲ್ಲರೂ ತುಳುವನ್ನು ಒಳಗಿಟ್ಟು, ಶಾಲೆಗೆ ಇನ್ಸ್‌ಪೆಕ್ಟರ್ ಬಂದಾಗಿನಂತೆ ಪುಸ್ತಕದ ಕನ್ನಡ ತೆಗೆಯುತ್ತಾರೆ. ಬಂದವರು ತುಳುವರೇ ಆಗಿದ್ದರೂ ಅಷ್ಟೇ. ಇಲ್ಲಿ ಆ ಕನ್ನಡಕ್ಕೂ ಅವಕಾಶವಿರಲಿಲ್ಲ. ಎಲ್ಲರೂ ಕೈಕಟ್ಟಿ ಕೂತರು.

ಶೋಧನ್ ಕಾಂತಿಯಕ್ಕನನ್ನು ಎಬ್ಬಿಸಿದರು. ಮಳೆಗಾಲದಲ್ಲಿ ಹಪ್ಪಳ ಒಣಗಿಸಲು ಅವಳು ಏನೋ ಹೊಸದು ಮಾಡಿದ್ದಾಳೆ ಎಂಬುದು ಅವರ ಕಿವಿಗೆ ಬಿದ್ದಿತ್ತು. ಅವಳ ಇನ್ನೋವೇಶನ್ ಏನೆಂದು ಹೇಳಲಿ, ಇಂಗ್ಲಿಷಿನಲ್ಲಿ ಎಂದರು.

ಕಾಂತಿಯಕ್ಕ ನಿಂತಳು. "ಮೈ... ಮೈ..." ಎಂದಳು. ಕೈ ಗಾಳಿಯಲ್ಲಿ ಕಪಾಟಿನ ಆಕಾರವನ್ನು ಬರೆಯಿತು, ಬಾಗಿಲು ತೆರೆಯಿತು, ತಟ್ಟೆ ಎಳೆಯಿತು. ಮಾತು ಮಾತ್ರ ಬರಲಿಲ್ಲ. ಕೊನೆಗೆ ಕೈಯೂ ಕೆಳಗಿಳಿಯಿತು. "ಸಾರಿ ಸರ್" ಎಂದು ಕೂರಲು ಹೊರಟಳು.

ಪದ್ಮಾಕ್ಷಿ ಎದ್ದಳು. ಪರ್ಸಿನಿಂದ ಒಂದು ದೊಡ್ಡ ನೋಟು ತೆಗೆದು, ಎಲ್ಲರಿಗೂ ಕಾಣುವಂತೆ ಎರಡು ಸಲ ಮಡಚಿ, ಹಳದಿ ಡಬ್ಬಿಯ ಸೀಳಿಗೆ ತುರುಕಿದಳು.

"ಇದು ಇವತ್ತಿನ ಇಡೀ ಕ್ಲಾಸಿನ ದಂಡ ಸರ್. ಮುಂಗಡ."

ಆಮೇಲೆ ತಿರುಗಿ ಹೇಳಿದಳು: "ತುಳುಟೇ ಪನ್ಲೆ ಕಾಂತಿಯಕ್ಕ. ತುಳುವಿನಲ್ಲೇ ಹೇಳಿ. ದಂಡ ಕಟ್ಟಿ ಆಗಿದೆ."

ಹಮೀದಾಕ ಮೊದಲು ನಕ್ಕರು. ಆಗ ಕಾಂತಿಯಕ್ಕನ ಕಟ್ಟೆ ಒಡೆಯಿತು.

ಮುರಿದ ಬಟ್ಟೆ ಕಪಾಟು, ಗುಜರಿಯ ಟೇಬಲ್ ಫ್ಯಾನು, ದೊಡ್ಡ ಬಲ್ಬುಗಳು, ಸೊಳ್ಳೆ ಪರದೆ ಕಟ್ಟಿದ ತಟ್ಟೆಗಳು: ಹಪ್ಪಳ ಒಣಗಿಸಲು ಅವಳು ಜೋಡಿಸಿದ್ದು ಇವನ್ನೇ. ಮೊದಲು ಮಾಡಿದ್ದರಲ್ಲಿ ಹಪ್ಪಳ ಕೆಳಗೆ ಕರಟಿ ಮೇಲೆ ಹಸಿಯಾಗಿಯೇ ಉಳಿಯಿತು. "ಅದು ಪ್ರೋಟೋಟೈಪ್ ಸರ್, ಹರಿದ ನೀರುದೋಸೆ. ನಾನೇನು ಅಳಲಿಲ್ಲ." ಅತ್ತೆ ಒಂದು ಹಪ್ಪಳ ಕಾಯಿಸಿ ತಿಂದು, ಬಾಯಿಗೆ ಬಂದ ಹಾಗೆ ಬೈದಳು. "ಅದು ಫೀಡ್‌ಬ್ಯಾಕ್." ಆಮೇಲೆ ಫ್ಯಾನನ್ನು ಕೆಳಗಿನಿಂದ ತೆಗೆದು ಬದಿಗೆ ಇಟ್ಟಳು. ತುಳು ಹರಿಯುತ್ತಿತ್ತು, ಇಂಗ್ಲಿಷ್ ಪದಗಳು ಅದರ ಮೇಲೆ ದೋಣಿಯಂತೆ ಸಲೀಸಾಗಿ ಬರುತ್ತಿದ್ದವು. ಒಂದೂ ತಪ್ಪು ಜಾಗದಲ್ಲಿ ಇಳಿಯಲಿಲ್ಲ.

ಶೋಧನ್ ಪೆನ್ನು ಮುಚ್ಚಿದರು. ಕುರ್ಚಿಯಲ್ಲಿ ಮುಂದೆ ಬಾಗಿದರು. ತಮಗೇ ತಿಳಿಯದೆ ತುಳುವಿನಲ್ಲಿ ಕೇಳಿದರು: "ಅಲ್ಲ, ಮಳೆಗೆ ಕರೆಂಟು ಹೋದರೆ?"

ಇಡೀ ಕ್ಲಾಸಿನ ಕಣ್ಣು ಒಟ್ಟಿಗೆ ಡಬ್ಬಿಯ ಮೇಲೆ ಹೋಯಿತು. ಶೋಧನ್ ಅವರ ಕಿವಿ ಕೆಂಪಾಯಿತು.

"ಏನೂ ಹೆದರಬೇಡಿ ಸರ್," ಎಂದರು ಹಮೀದಾಕ. "ಟೀಚರು ಕೊಟ್ಟದ್ದರಲ್ಲಿ ನಿಮ್ಮದೂ ಬಂತು."

ನಗು ಮೆಟ್ಟಿಲಿಳಿದು ಹೆದ್ದಾರಿಯವರೆಗೂ ಹೋಯಿತು. ಶೋಧನ್ ಅವರೂ ನಕ್ಕರು. ಕಾಂತಿಯಕ್ಕ ಮಾತ್ರ ನಗದೆ ಉತ್ತರ ಕೊಟ್ಟಳು: ಕರೆಂಟು ಹೋದರೆ ಕಪಾಟಿನ ಅಡಿಗೆ ಕೆಂಡದ ಬಾಣಲೆ. "ಬ್ಯಾಕಪ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಆಮೇಲೆ ಯಾರೂ ಹೇಳದೆಯೇ ಅವಳು ಎದೆ ಸೆಟೆಸಿ, ಅದೇ ಕಥೆಯನ್ನು ಮೊದಲಿನಿಂದ ಇಂಗ್ಲಿಷಿನಲ್ಲಿ ಹೇಳಿದಳು. ಕುಂಟುತ್ತಿತ್ತು, ಅಲ್ಲಲ್ಲಿ ಬಿದ್ದಿತು, ಆದರೆ ಎದ್ದು ನಡೆಯಿತು. ಕಪಾಟಿನ ಬಾಗಿಲಿನಿಂದ ಅತ್ತೆಯ ಬೈಗುಳದವರೆಗೆ ಒಂದನ್ನೂ ಬಿಡಲಿಲ್ಲ.

ಕ್ಲಾಸು ಬಿಟ್ಟ ಮೇಲೆ ಶೋಧನ್ ಮೆಟ್ಟಿಲ ಬಳಿ ನಿಂತರು. "ಒಳ್ಳೆ ಕ್ಲಾಸು ಮೇಡಂ. ಆದರೆ ನಿಯಮ ನಾನು ಮಾಡಿದ್ದಲ್ಲ. ನೀವು ಸ್ವಲ್ಪ ಬಗ್ಗಿದರೆ..."

"ನಾನು ಹಾಸ್ಟೆಲಿನಲ್ಲಿ ಬಗ್ಗಿ ಆಗಿದೆ ಸರ್," ಎಂದಳು ಪದ್ಮಾಕ್ಷಿ. "ಈ ಮೆಟ್ಟಿಲು ಹತ್ತಿ ಬಂದವರನ್ನು ಬಗ್ಗಿಸುವುದಿಲ್ಲ. ನಿಮ್ಮ ಕಾಗದ ನಿಮ್ಮಲ್ಲೇ ಇರಲಿ. ಡಬ್ಬಿ ಮಾತ್ರ ಬಿಟ್ಟು ಹೋಗಿ, ಅದರಲ್ಲಿ ನಮ್ಮ ದುಡ್ಡುಂಟು."

ಸರ್ಟಿಫಿಕೇಟ್ ಬರಲಿಲ್ಲ. ಬದಲಿಗೆ ಮಳೆಗಾಲ ಮುಗಿಯುವಷ್ಟರಲ್ಲಿ ರಸ್ತೆಯ ಆಚೆ ಬದಿಯಲ್ಲಿ ಆ ಸಂಸ್ಥೆಯದೇ ಸೆಂಟರ್ ತೆರೆಯಿತು, ಗಾಜಿನ ಬಾಗಿಲು, ಎ.ಸಿ. ಎಲ್ಲ ಇಟ್ಟುಕೊಂಡು. ಕಲಿಯುವ ಪ್ರಾಯದವರು ಒಬ್ಬೊಬ್ಬರಾಗಿ ಅತ್ತ ದಾಟಿದರು. ರಶೀನಾ ಹೇಳಿ ಹೋಗಲು ಬಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

"ಅಳುವುದು ಎಂತಕ್ಕೆ ಮಗಾ? ಹೋಗು, ಕಾಗದ ತೆಗೆದುಕೋ. ನಿನಗೆ ಅದು ಬೇಕು," ಎಂದಳು ಪದ್ಮಾಕ್ಷಿ. ಅವಳು ಹೋದ ಮೇಲೆ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗಿಟ್ಟಳು. ಆ ಸಂಜೆ ಪಾಠದಲ್ಲಿ ಅವಳ ದನಿ ಸ್ವಲ್ಪ ಜಾಸ್ತಿಯೇ ಏರಿತ್ತು ಎಂದು ಹಮೀದಾಕ ಹೇಳುತ್ತಾರೆ.

ಹಳದಿ ಡಬ್ಬಿ ಈಗಲೂ ಮೇಜಿನ ಮೇಲೆ ಉಂಟು, ದಂಡವೂ ಉಂಟು. ಯಾರಾದರೂ ಒಂದು ಇಂಗ್ಲಿಷ್ ಪದ ಬಳಸಿ, ಅದನ್ನು ತನ್ನ ಮನೆಯ ಮಾತಿನಲ್ಲಿ ಬಿಡಿಸಿ ಹೇಳಲು ಬಾರದಿದ್ದರೆ ಡಬ್ಬಿಗೆ ಹಾಕಬೇಕು. ತುಂಬಿದಾಗ ಆ ದುಡ್ಡಿನಲ್ಲಿ ಎಲ್ಲರಿಗೂ ಬಿಸಿ ಗೋಳಿಬಜೆ ತಿಂಡಿ. ಮೊದಲು ಸಿಕ್ಕಿಬಿದ್ದವಳು ಪದ್ಮಾಕ್ಷಿಯೇ. "ಇಕೋಸಿಸ್ಟಮ್" ಎಂದು ಬರೆದು ಅರ್ಧ ಗಂಟೆ ಒದ್ದಾಡಿದಳು. ಕಾಂತಿಯಕ್ಕ ಡಬ್ಬಿ ಹಿಡಿದು ಎದುರಿಗೆ ನಿಂತಳು, ಕರುಣೆ ತೋರಿಸಲಿಲ್ಲ.

ಎದುರಿನ ಸೆಂಟರಿನಿಂದ ರಶೀನಾ ಮತ್ತು ಅವಳ ಗೆಳತಿಯರು ಕೆಲವು ಸಂಜೆ ಫೈಲು ಎದೆಗೊತ್ತಿಕೊಂಡು ರಸ್ತೆ ದಾಟಿ ಬರುತ್ತಾರೆ. ಅಲ್ಲಿ ಬರೆಸಿದ್ದನ್ನು ಇಲ್ಲಿ ಕೇಳಿ ಅರ್ಥ ಮಾಡಿಕೊಂಡು ಹೋಗುತ್ತಾರೆ. ಪದ್ಮಾಕ್ಷಿ ಪೇರಿಸಿಟ್ಟ ಕುರ್ಚಿಗಳನ್ನು ಇಳಿಸಿಕೊಡುತ್ತಾಳೆ.

ಮೆಟ್ಟಿಲ ಬುಡದಲ್ಲಿ ಒಂದು ಬೋರ್ಡುಂಟು. ಹಮೀದಾಕ ಮಾಡಿಸಿದ್ದು, ಎದುರಿನ ಗಾಜಿನ ಬಾಗಿಲಿಗೆ ನೇರವಾಗಿ ಕಾಣುವ ಹಾಗೆ ಅವರೇ ನಿಂತು ಕಟ್ಟಿಸಿದ್ದು: "ಇಲ್ಲಿ ಇಂಗ್ಲಿಷ್ ಕಲಿಸಲಾಗುತ್ತದೆ. ತುಳು, ಬ್ಯಾರಿ, ಕೊಂಕಣಿ, ಕನ್ನಡ ಧಾರಾಳವಾಗಿ ಮಾತಾಡಬಹುದು."